ದೆವ್ವದ ಕಥೆಗೆ ಯಾವ ಮನೆ: ತೊಟ್ಟಿಮನೆಯೋ, ಬೀಗ ಹಾಕಿದ ಫ್ಲ್ಯಾಟೋ?

ಶಾಲೆಗೆ ದೆವ್ವದ ಮನೆಯ ಕಥೆ ಬರೆಯುವಾಗ ಮೊದಲು ಗೊತ್ತುಮಾಡಬೇಕಾದ್ದು ದೆವ್ವವನ್ನಲ್ಲ, ಮನೆಯನ್ನು.

ತೊಟ್ಟಿಮನೆಯಲ್ಲಿ ದಾರಿ ಸಿದ್ಧವಾಗಿದೆ: ಜಗಲಿ, ಆಕಾಶಕ್ಕೆ ತೆರೆದ ತೊಟ್ಟಿ, ಕತ್ತಲ ನಡುಮನೆ, ಏಣಿ, ಅಟ್ಟ. ಪಾತ್ರ ನಡೆದರೆ ಕಥೆಯೂ ನಡೆಯುತ್ತದೆ. ಎಡವುವುದು ವರ್ಣನೆಯಲ್ಲಿ. ಬಾವಲಿ, ಜೇಡರಬಲೆ, ಹುಣಸೆಮರ, ಬಿಳಿ ಸೀರೆ ಎಲ್ಲವನ್ನೂ ತುಂಬಿದರೆ 300 ಪದಗಳ ಕಥೆಯಲ್ಲಿ ಅರ್ಧ ಅಲ್ಲೇ ಖರ್ಚಾಗುತ್ತದೆ, ಓದುವವರು ಕೊನೆಯನ್ನೂ ಊಹಿಸಿಬಿಡುತ್ತಾರೆ. ಇವುಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ.

ಫ್ಲ್ಯಾಟ್ ಎಲ್ಲರಿಗೂ ಗೊತ್ತಿರುವ ಜಾಗ, ವರ್ಣನೆಗೆ 40 ಪದ ಸಾಕು. ಇಲ್ಲಿ ಭಯ ಹುಟ್ಟುವುದು ಇರಬಾರದ ಸಣ್ಣ ಸಂಗತಿಯಿಂದ. ವರ್ಷದಿಂದ ಬೀಗ ಹಾಕಿರುವ ಮೇಲಿನ ಮನೆಯಲ್ಲಿ ಕುಕ್ಕರ್ ಸೀಟಿ. ಮರುದಿನ ಆ ಬಾಗಿಲ ಮುಂದೆ ಹಸಿ ರಂಗೋಲಿ. ಮೂರನೆಯ ದಿನ ರಂಗೋಲಿ ತುಳಿದು ಒಳಗೆ ಹೋದ ಹೆಜ್ಜೆಗಳು, ಹೊರಗೆ ಬಂದವು ಮಾತ್ರ ಇಲ್ಲ. ಹೀಗೆ ಮೂರು ಸುಳಿವು, ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಹೆಜ್ಜೆ ಹತ್ತಿರ. ಕಷ್ಟವೂ ಇದೆ: ಅಕ್ಕಪಕ್ಕದವರನ್ನು ಕರೆಯಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗಿದ್ದಾರೆಂದು ಮೊದಲ ಸಾಲುಗಳಲ್ಲೇ ಹೇಳಿ. ಆಮೇಲೆ ಹೇಳಿದರೆ ನೆಪದಂತೆ ಕಾಣುತ್ತದೆ.

ದೆವ್ವ ಒಳಗೆ ಬರದಿರಲೆಂದು ನಮ್ಮ ಊರುಗಳಲ್ಲಿ ಬಾಗಿಲಿಗೆ ಬರೆಯುತ್ತಿದ್ದ ‘ನಾಳೆ ಬಾ’ ಎರಡಕ್ಕೂ ಒಪ್ಪುತ್ತದೆ. ಅದನ್ನು ಬಾಗಿಲ ಒಳಬದಿಯಲ್ಲಿ ಬರೆದಿಟ್ಟರೆ ಎಷ್ಟು ಬೇರೆಯಾಗುತ್ತದೆ ನೋಡಿ!

300 ಪದಗಳಿಗೆ ಫ್ಲ್ಯಾಟ್ ವಾಸಿ; 600 ಇದ್ದರೆ ತೊಟ್ಟಿಮನೆಗೆ ಧೈರ್ಯವಾಗಿ ಕಾಲಿಡಿ. ಎರಡರಲ್ಲೂ ‘ಎಲ್ಲ ಕನಸಾಗಿತ್ತು’ ಎಂದು ಮುಗಿಸಬೇಡಿ.