ಕಾರ್ ಶೆಡ್ಡಿಗೆ ಮೋಟಾರ್ ಶಟರ್: ಅಳತೆಯಿಂದ ಅಳವಡಿಕೆಯವರೆಗೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಕಾರ್ ಶೆಡ್ಡಿಗೆ ಇಪ್ಪತ್ತು ವರ್ಷಗಳಿಂದ ಮಡಚುವ ಕಬ್ಬಿಣದ ಗೇಟು ಇತ್ತು. ಅದರ ಕೆಳಗಿನ ಚಾನೆಲ್ಲಿನಲ್ಲಿ ಮಣ್ಣು, ತರಗೆಲೆ ತುಂಬಿ ತುಕ್ಕು ಹಿಡಿದು, ಎಪ್ಪತ್ತು ದಾಟಿದ ನಮ್ಮ ತಾಯಿಗೆ ಅದನ್ನು ಎಳೆಯುವುದೇ ಆಗುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಅದನ್ನು ತೆಗೆಸಿ, ಮೋಟಾರಿನಿಂದ ಏರಿಳಿಯುವ, ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ರೋಲಿಂಗ್ ಶಟರ್ ಹಾಕಿಸಿದೆವು. ಕೆಲಸ ಮಾಡಿಕೊಟ್ಟವರು ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನವರು. ಒಂದು ಪೂರ್ತಿ ಮಳೆಗಾಲ ಬಳಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಶಟರ್ ಚೆನ್ನಾಗಿದೆ. ಅದರಲ್ಲಿ ಚೆನ್ನಾಗಿರುವುದೆಲ್ಲ ಮುಂಚಿನ ತಯಾರಿಯಿಂದ ಬಂದದ್ದು, ನಮಗಾದ ತೊಂದರೆಗಳೆಲ್ಲ ತಯಾರಿಯಲ್ಲಿ ಬಿಟ್ಟುಹೋದದ್ದರಿಂದ ಬಂದದ್ದು ಎಂಬುದು ಈಗ ನನಗೆ ಸ್ಪಷ್ಟವಾಗಿದೆ.

ಮೊದಲು ನಾನು ಮೂರು ಕಡೆ ವಿಚಾರಿಸಿದ್ದೆ. ಇಬ್ಬರು ಫೋನಿನಲ್ಲಿಯೇ ಅಗಲ, ಎತ್ತರ ಕೇಳಿ ಚದರ ಅಡಿಯ ದರ ಹೇಳಿ ಮುಗಿಸಿದರು. ಈ ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ ಮಾತ್ರ, "ಸಾರ್, ಫೋನಲ್ಲಿ ಹೇಳಿದ ಅಳತೆಗೆ ನಾವು ಪಟ್ಟಿ ಕಟ್ ಮಾಡಲ್ಲ, ಒಂದ್ಸಲ ಬಂದು ನೋಡ್ಕೊಂಡು ಹೋಗ್ತೀವಿ" ಎಂದರು. ಮಾರನೆಯ ದಿನ ಬಂದವರು ಅಗಲವನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ಅಳೆದು, ಪ್ರತಿ ಸಂಖ್ಯೆಯನ್ನೂ ಪೆನ್ಸಿಲಿನಿಂದ ಗೋಡೆಯ ಮೇಲೆಯೇ ಬರೆದರು. ಹತ್ತು ಅಡಿ ಎಂದು ನಾನು ಇಷ್ಟು ವರ್ಷ ನಂಬಿದ್ದ ಅಗಲವು ಮೇಲ್ಗಡೆ ಒಂದೂವರೆ ಇಂಚು ಹೆಚ್ಚಿತ್ತು. ಆಮೇಲೆ ಎದುರುಬದುರು ಮೂಲೆಗಳ ನಡುವೆ ಟೇಪು ಹಿಡಿದು, ಎರಡು ಕರ್ಣಗಳಿಗೂ ವ್ಯತ್ಯಾಸವಿದೆ ಎಂದು ತೋರಿಸಿದರು. ಅಂದರೆ ಬಾಗಿಲಿನ ಜಾಗವೇ ಸೊಟ್ಟಗಿತ್ತು. ಎರಡೂ ಪಕ್ಕದ ಗೈಡ್ ಚಾನೆಲ್‌ಗಳು ಒಂದಕ್ಕೊಂದು ಸಮಾನಾಂತರವಾಗಿ ತೂಗುಗುಂಡಿನ ನೇರಕ್ಕೆ ನಿಲ್ಲದಿದ್ದರೆ ಪಟ್ಟಿಗಳು ಏರುವಾಗ ಒಂದು ಬದಿಗೆ ಉಜ್ಜಿ, ಶಬ್ದ ಮಾಡಿ, ಕೊನೆಗೆ ಸಿಕ್ಕಿಹಾಕಿಕೊಳ್ಳುತ್ತವೆ. ಸೊಟ್ಟಗಿರುವ ಗೋಡೆಗೆ ಚಾನೆಲನ್ನು ಹಾಗೆಯೇ ಅಂಟಿಸಿ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಇವರು ಒಂದು ಬದಿಯ ಗಿಲಾವು ಕೆತ್ತಿಸಿ ಸರಿಮಾಡಿಸಿದ ಮೇಲೆಯೇ ಪಟ್ಟಿ ಕತ್ತರಿಸುವುದಾಗಿ ಹೇಳಿದರು, ಹಾಗೆಯೇ ನಡೆದುಕೊಂಡರು.

ತಲೆಯ ಮೇಲಿನ ಜಾಗದ ವಿಷಯವನ್ನು ನಾನು ಯೋಚಿಸಿಯೇ ಇರಲಿಲ್ಲ. ಶಟರ್ ಮೇಲಕ್ಕೆ ಹೋದಾಗ ಅಷ್ಟೂ ಪಟ್ಟಿ ಸುರುಳಿಯಾಗಿ ಲಿಂಟಲ್ಲಿನ (ಬಾಗಿಲಿನ ಮೇಲಿನ ಕಾಂಕ್ರೀಟ್ ತೊಲೆಯ) ಬಳಿ ಕೂರಬೇಕು. ನಮ್ಮ ಎಂಟು ಅಡಿ ಎತ್ತರದ ಶಟರಿಗೆ ಆ ಸುರುಳಿ, ಅದರ ಮೇಲಿನ ತಗಡಿನ ಹೊದಿಕೆ ಸೇರಿ ಒಂದು ಅಡಿಗಿಂತ ಹೆಚ್ಚು ಜಾಗ ಬೇಕಾಯಿತು. ಲಿಂಟಲ್ಲಿನ ಕೆಳಗೆ ಅಳವಡಿಸಿದರೆ ಅಷ್ಟು ಎತ್ತರ ಕಡಿಮೆಯಾಗುತ್ತದೆ. ಕಾರಿನ ಮೇಲೆ ಸಾಮಾನಿನ ಕ್ಯಾರಿಯರ್ ಕಟ್ಟಿದಾಗ ಅದು ತಾಗುತ್ತದೆ. ಲಿಂಟಲ್ಲಿನ ಮೇಲೆ ಒಳಬದಿಗೆ ಅಳವಡಿಸಲು ಅಲ್ಲಿದ್ದ ಟ್ಯೂಬ್‌ಲೈಟನ್ನೂ ನೀರಿನ ಒಂದು ಪೈಪನ್ನೂ ಬೇರೆಡೆಗೆ ಸರಿಸಬೇಕಾಯಿತು. ಸುರುಳಿಯ ಭಾರ ಹೊರುವ ಬ್ರ್ಯಾಕೆಟ್ಟುಗಳನ್ನು ಇಟ್ಟಿಗೆಯ ಅಂಚಿಗೆ ಬೋಲ್ಟು ಮಾಡಿದರೆ ಇಟ್ಟಿಗೆ ಬಿರಿಯುವ ಸಾಧ್ಯತೆ ಇರುವುದರಿಂದ, ಅವರು ಗಿಲಾವನ್ನು ತಟ್ಟಿ ತಟ್ಟಿ ಕಾಂಕ್ರೀಟ್ ಕಂಬ ಎಲ್ಲಿದೆ ಎಂದು ಹುಡುಕಿ ಅಲ್ಲಿಗೇ ಗುರುತು ಹಾಕಿದರು. ಆ ಅರ್ಧ ಗಂಟೆಯ ಕೆಲಸ ನೋಡಿಯೇ ನಾನು ಮುಂಗಡ ಕೊಟ್ಟದ್ದು.

ದರದ ಬಗ್ಗೆ ಒಂದು ಮಾತು. ತೆರೆದ ಜಾಗ ಹತ್ತಕ್ಕೆ ಎಂಟು, ಅಂದರೆ 80 ಚದರ ಅಡಿ. ಬಿಲ್ಲಿನಲ್ಲಿ ಬಂದದ್ದು ಸುಮಾರು 100. ಎರಡೂ ಪಕ್ಕದಲ್ಲಿ ಚಾನೆಲ್ಲಿನೊಳಗೆ ಹೋಗುವ ಮೂರು ಮೂರು ಇಂಚು, ಮೇಲೆ ಸುರುಳಿಗೆ ಸುತ್ತುವ ಒಂದೂವರೆ ಅಡಿ ಸೇರಿಸಿ ಹತ್ತೂವರೆಗೆ ಒಂಬತ್ತೂವರೆ ಎಂದು ಲೆಕ್ಕ ಹಾಕಿದ್ದರು. ಇದರಲ್ಲಿ ಮೋಸವಿಲ್ಲ, ಆ ಉಕ್ಕು ನಿಜವಾಗಿಯೂ ಖರ್ಚಾಗುತ್ತದೆ. ಆದರೆ ದರ ಹೇಳುವಾಗಲೇ ಅಳತೆಯ ಕ್ರಮವನ್ನೂ ಹೇಳಿದ್ದರೆ ನನಗೆ ಬಿಲ್ಲು ನೋಡಿದ ದಿನದ ಕಸಿವಿಸಿ ತಪ್ಪುತ್ತಿತ್ತು. ಮೋಟಾರು, ಬಣ್ಣ, ಜಿಎಸ್‌ಟಿ ಇವೆಲ್ಲ ಬೇರೆ. ಬೇರೆ ಬೇರೆ ಕಡೆಯ ದರ ಹೋಲಿಸುವವರು ಪಟ್ಟಿಯ ದಪ್ಪವನ್ನು ಗೇಜಿನಲ್ಲಿ ಬರೆಸಿಕೊಳ್ಳಬೇಕು. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. ನಾವು 20ರ ಬದಲು 18 ಗೇಜಿನ ಸತು ಲೇಪಿತ ಪಟ್ಟಿ ಆರಿಸಿಕೊಂಡೆವು. ಶೆಡ್ಡಿಗೆ ಬೇರೆ ಕಿಟಕಿ ಇಲ್ಲದ ಕಾರಣ ಮೇಲಿನ ಎರಡು ಅಡಿಗೆ ತೂತಿರುವ ಪಟ್ಟಿ ಹಾಕಿಸಿದೆವು, ಈಗ ಪೆಟ್ರೋಲ್ ವಾಸನೆ ಒಳಗೆ ನಿಲ್ಲುವುದಿಲ್ಲ.

ವರ್ಕ್‌ಶಾಪಿನವರು ಎಡವಿದ್ದು ವಿದ್ಯುತ್ತಿನ ವಿಷಯದಲ್ಲಿ. ಮೋಟಾರಿಗೆ ಅರ್ಥಿಂಗ್ ಇರುವ ಪ್ರತ್ಯೇಕ ಲೈನು, ಅದಕ್ಕೇ ಒಂದು ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು), ಸುರುಳಿಯ ಪಕ್ಕದಲ್ಲೇ ಪ್ಲಗ್ ಪಾಯಿಂಟು ಬೇಕು ಎಂಬುದನ್ನು ಯಾರೂ ನಮಗೆ ಮೊದಲೇ ತಿಳಿಸಲಿಲ್ಲ. ಅಳವಡಿಸಲು ಬಂದ ಹುಡುಗರು ಮಧ್ಯಾಹ್ನದ ಹೊತ್ತಿಗೆ, "ಪಾಯಿಂಟ್ ಎಲ್ಲಿದೆ ಸಾರ್?" ಎಂದು ಕೇಳಿದಾಗ ಹಳೆಯ ಗೇಟು ಆಗಲೇ ಹೊರಗೆ ಬಿದ್ದಿತ್ತು. ಎಲೆಕ್ಟ್ರಿಷಿಯನ್ ಸಿಗುವವರೆಗೆ ಎರಡು ರಾತ್ರಿ ಶಟರನ್ನು ಸರಪಳಿ ಎಳೆದೇ ಇಳಿಸಬೇಕಾಯಿತು. ಅಳತೆಯ ದಿನವೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಮುಗಿಯುತ್ತಿದ್ದ ಕೆಲಸ ಇದು. ಆ ಸರಪಳಿ ಕರೆಂಟು ಹೋದಾಗ ಬಳಸಲೆಂದೇ ಇರುವಂಥದ್ದು, ಆದರೆ ಅದು ಒಳಗಡೆ ಇರುತ್ತದೆ. ನಮ್ಮ ಶೆಡ್ಡಿಗೆ ಅಡುಗೆಮನೆಯ ಕಡೆಯಿಂದ ಇನ್ನೊಂದು ಬಾಗಿಲಿದೆ. ಶಟರೇ ಒಂದೇ ದಾರಿಯಾಗಿರುವ ಮನೆಯವರು ಹೊರಗಿನಿಂದಲೂ ತೆಗೆಯುವ ವ್ಯವಸ್ಥೆಯನ್ನು ಆರ್ಡರ್ ಕೊಡುವಾಗಲೇ ಕೇಳಬೇಕು.

ಸುರಕ್ಷತೆಯ ಬಗ್ಗೆ ನನಗೆ ನಿಜವಾಗಿ ಬೇಸರ ತಂದ ಸಂಗತಿಯೊಂದಿದೆ. ಇಳಿಯುವ ಶಟರಿನ ಕೆಳಗೆ ಮಗುವೋ ನಾಯಿಯೋ ಬಂದರೆ ತಡೆಯುವ ಸೆನ್ಸರನ್ನು ಇವರು "ಬೇಕಾದರೆ ಹಾಕುತ್ತೇವೆ" ಎಂಬ ಪಟ್ಟಿಯಲ್ಲಿ ಇಟ್ಟಿದ್ದರು. ಅಮೆರಿಕದಲ್ಲಿ ಮನೆಗಳ ಗ್ಯಾರೇಜ್ ಬಾಗಿಲಿನ ಮೋಟಾರುಗಳಿಗೆ 1993ರಿಂದಲೇ ಇಂಥ ರಕ್ಷಣೆ ಕಡ್ಡಾಯವಾಗಿದೆ. ಅಲ್ಲಿ ಸೆನ್ಸರನ್ನು ನೆಲದಿಂದ ಆರು ಇಂಚಿಗಿಂತ ಮೇಲೆ ಕೂರಿಸುವುದಿಲ್ಲ, ಏಕೆಂದರೆ ಅಂಬೆಗಾಲಿಡುವ ಮಗುವೂ ಅದರ ಕಣ್ಣಿಗೆ ಬೀಳಬೇಕು. ನಾವು ಕೇಳಿ ಹಾಕಿಸಿಕೊಂಡೆವು. ಹುಡುಗರು ಅದನ್ನು ಮೊದಲು ಮೊಣಕಾಲಿನ ಎತ್ತರಕ್ಕೆ ಕೂರಿಸಿದ್ದರು. ನಾನು ನೆಲದ ಮೇಲೆ ಒಂದು ಚೊಂಬನ್ನು ಇಟ್ಟು ಶಟರ್ ಇಳಿಸಲು ಹೇಳಿದಾಗ ಅದು ನಿಲ್ಲದೆ ಚೊಂಬಿನ ಬಾಯಿಯವರೆಗೂ ಬಂತು. ಅವರು ಮರುಮಾತಿಲ್ಲದೆ ಸೆನ್ಸರನ್ನು ಕೆಳಗಿಳಿಸಿದರು. ಎರಡನೆಯ ಸಲ ಚೊಂಬಿಗೆ ಇನ್ನೂ ನಾಲ್ಕು ಅಡಿ ಇರುವಾಗಲೇ ಶಟರ್ ನಿಂತು ಮೇಲಕ್ಕೆ ತಿರುಗಿತು. ಈ ಪರೀಕ್ಷೆ ಮಾಡದೆ ಉಳಿದ ಹಣ ಕೊಡಬೇಡಿ.

ನೆಲದ ಇಳಿಜಾರಿನ ವಿಷಯ ಕೊನೆಗೆ ನಮ್ಮ ಪಾಲಿಗೇ ಉಳಿಯಿತು. ಶೆಡ್ಡಿನ ನೆಲ ಎಡದಿಂದ ಬಲಕ್ಕೆ ಮುಕ್ಕಾಲು ಇಂಚು ತಗ್ಗಿದೆ ಎಂದು ಮೇಸ್ತ್ರಿ ಲೆವೆಲ್ ಟ್ಯೂಬ್ ಹಿಡಿದು ಮೊದಲ ದಿನವೇ ತೋರಿಸಿದ್ದರು. ಶಟರಿನ ಕೆಳಂಚಿನ ರಬ್ಬರ್ ಪಟ್ಟಿ ಅದನ್ನು ಮುಚ್ಚಬಹುದೆಂದು ನಾವು ಹೊಸ್ತಿಲನ್ನು ಮಟ್ಟ ಮಾಡಿಸಲಿಲ್ಲ. ಜೂನ್ ತಿಂಗಳ ಮೊದಲ ಜೋರು ಮಳೆಗೆ ಬಲ ಮೂಲೆಯಲ್ಲಿ ನೀರು ಒಳಗೆ ಬಂತು. ನಂತರ ಗಾರೆ ಕೆಲಸದವರನ್ನು ಕರೆಸಿ ಹೊಸ್ತಿಲು ಎತ್ತರಿಸಿದೆವು, ವರ್ಕ್‌ಶಾಪಿನವರು ಬಂದು ಮೋಟಾರು ನಿಲ್ಲುವ ಮಟ್ಟವನ್ನು ಹಣ ಕೇಳದೆ ಹೊಂದಿಸಿಕೊಟ್ಟರು.

ಕೆಲಸದ ಅಚ್ಚುಕಟ್ಟಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ, ಮುಂಚಿತವಾಗಿ ತಿಳಿಸುವುದರಲ್ಲಿ ಅರ್ಧವನ್ನಷ್ಟೇ. ಪಕ್ಕದ ರಸ್ತೆಯ ನಮ್ಮ ಚಿಕ್ಕಪ್ಪನವರ ಮನೆಗೂ ಇದೇ ವರ್ಕ್‌ಶಾಪಿನವರನ್ನು ಕರೆಸಿದ್ದೇವೆ. ಅಳತೆಗೆ ಅದೇ ಮೇಸ್ತ್ರಿ ಬರುವುದು ಬರುವ ಭಾನುವಾರ. ಎಲೆಕ್ಟ್ರಿಷಿಯನ್ನಿಗೂ ಗಾರೆ ಕೆಲಸದವರಿಗೂ ಅದೇ ಹೊತ್ತಿಗೆ ಬರಲು ಹೇಳಿದ್ದೇವೆ.