ಜನೌಷಧಿ ಅಂಗಡಿ: ತಿಂಗಳಿಗೆ 440 ರೊಟ್ಟಿ ಉಳಿಯಿತು

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ರೊಟ್ಟಿ ಕೇಂದ್ರ ಇದೆ. ನಾನು, ಜೊತೆಗೆ ಮೂವರು ಹೆಣ್ಣುಮಕ್ಕಳು, ಎರಡು ಒಲೆ. ಒಂದು ಜೋಳದ ರೊಟ್ಟಿಗೆ 8 ರೂಪಾಯಿ. ಜೋಳ, ಗಿರಣಿ, ಗ್ಯಾಸು, ಕೂಲಿ ಎಲ್ಲ ಕಳೆದರೆ ರೊಟ್ಟಿಗೆ 2 ರೂಪಾಯಿ ಕೈಗೆ ಉಳಿಯುತ್ತದೆ. ಅದಕ್ಕೇ ಮನೆಯ ಖರ್ಚನ್ನೆಲ್ಲ ರೊಟ್ಟಿಯಲ್ಲಿ ಎಣಿಸುವ ಚಟ ನನಗೆ. ಅತ್ತೆಯವರ ಬಿಪಿ, ಶುಗರ್, ಕೊಲೆಸ್ಟ್ರಾಲ್ ಗುಳಿಗೆಗಳಿಗೆ ಮೊದಲು ತಿಂಗಳಿಗೆ 1,100 ರೂಪಾಯಿ ಆಸುಪಾಸು ಹೋಗುತ್ತಿತ್ತು. ಅಂದರೆ 550 ರೊಟ್ಟಿ ಬಡಿಯಬೇಕು, ಬರೀ ಗುಳಿಗೆಗೆ. ಈಗ ಅವೇ ಔಷಧ 220 ರೂಪಾಯಿಯೊಳಗೆ ಬರುತ್ತವೆ. 110 ರೊಟ್ಟಿ.

ಎರಡು ವರ್ಷದಿಂದ ನಾನು ಹೋಗುತ್ತಿರುವ ಜನೌಷಧಿ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಕಂಪನಿಯ ಬ್ರಾಂಡ್ ಹೆಸರಿಲ್ಲದ ಔಷಧವನ್ನು ಕಮ್ಮಿ ರೇಟಿಗೆ ಮಾರುವ, ಕೇಂದ್ರ ಸರ್ಕಾರದ ಯೋಜನೆಯ ಅಂಗಡಿ ಇದು. ಯಾವ ಏರಿಯಾದ ಅಂಗಡಿ ಅಂತ ಹೇಳುವುದಿಲ್ಲ. ಮುಂದೆ ಒಂದೆರಡು ದೂರು ಹೇಳುವುದಿದೆ. ಪಾಪ, ಅಂಗಡಿಯ ಹುಡುಗನ ಹೊಟ್ಟೆಯ ಮೇಲೆ ಹೊಡೆಯುವ ಮನಸ್ಸಿಲ್ಲ.

ಅಂಗಡಿ ಸಣ್ಣದು. ಕೂರಲು ಕುರ್ಚಿ ಇಲ್ಲ, ಮುಂದೆ ನೆರಳೂ ಇಲ್ಲ. ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ಹೇಗಿರುತ್ತದೆ ಗೊತ್ತಲ್ವಾ? ಮಧ್ಯಾಹ್ನ ಹೋದರೆ ನಾಲ್ಕು ಜನರ ಹಿಂದೆ ನಿಂತೇ ತಲೆ ಸುತ್ತುತ್ತದೆ. ನಾನು ಬೆಳಿಗ್ಗೆ ರೊಟ್ಟಿ ಹೋಟೆಲುಗಳಿಗೆ ಮುಟ್ಟಿಸಿ, ಬರುವಾಗ ಹೋಗುತ್ತೇನೆ. ಬಿಲ್ಲು ಕೇಳದಿದ್ದರೂ ಕೊಡುತ್ತಾರೆ. ಫೋನ್‌ಪೇ ನಡೆಯುತ್ತದೆ. ಗುಳಿಗೆಯ ಪಟ್ಟಿಯನ್ನು (ಸ್ಟ್ರಿಪ್) ಅರ್ಧ ಕತ್ತರಿಸಿ ಕೊಡುವುದಿಲ್ಲ, ಇದ್ದ ಪಟ್ಟಿ ಪೂರ್ತಿ ತಗೋಬೇಕು. ನನಗೆ ಅದರಿಂದ ತೊಂದರೆ ಇಲ್ಲ. ಆದರೆ ದಿನಗೂಲಿಯವರು ನಾಲ್ಕು ಗುಳಿಗೆ ಕೇಳಿ ವಾಪಸ್ ಹೋಗುವುದನ್ನು ನೋಡಿದ್ದೇನೆ.

ಮೊದಲ ತಿಂಗಳು ಅತ್ತೆಯವರನ್ನು ಒಪ್ಪಿಸುವುದೇ ದೊಡ್ಡ ಕೆಲಸ ಆಯಿತು. ಪಟ್ಟಿ ಕೈಗೆ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿದರು. "ಸಸ್ತಾ ಗುಳಿಗಿ ಕೊಟ್ಟು ನನಗ ಮ್ಯಾಲ ಕಳಸ್ತೀಯೇನವ್ವಾ?" ಅಂದರು. ಅಕ್ಕಪಕ್ಕದವರೂ ಹಾಗೇ ಅಂದರು. ಇಷ್ಟು ಕಮ್ಮಿ ರೇಟು ಅಂದರೆ ಸುಣ್ಣದ ಪುಡಿಯೇ ಇರಬೇಕು ಅಂತ.

ನಾನೂ ಹೆದರಿದ್ದೆ. ಅಂಗಡಿಯ ಹುಡುಗನನ್ನೇ ಕೇಳಿದೆ. ಅವನು ಹೇಳಿದ್ದು ನನಗೆ ರೊಟ್ಟಿ ಲೆಕ್ಕದಲ್ಲಿ ತಟ್ಟನೆ ಅರ್ಥವಾಯಿತು. ಈ ಗುಳಿಗೆಗಳ ಪೇಟೆಂಟ್ ಎಂದೋ ಮುಗಿದಿದೆ, ಯಾರು ಬೇಕಾದರೂ ಮಾಡಬಹುದು. ಕಂಪನಿಯವರು ಅದಕ್ಕೊಂದು ಹೆಸರಿಡುತ್ತಾರೆ. ಡಾಕ್ಟರ ಬಾಗಿಲಿಗೆ ಟೈ ಕಟ್ಟಿದ ಹುಡುಗರನ್ನು ಕಳಿಸುತ್ತಾರೆ. ಆ ಖರ್ಚೆಲ್ಲ ಪಟ್ಟಿಯ ಮೇಲೆ ಕೂರುತ್ತದೆ. ಇಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಟೆಂಡರ್ ಕರೆದು ಒಟ್ಟಿಗೆ ಕೊಳ್ಳುತ್ತದೆ. ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಅಂಗಡಿಗೆ ಬಿಡುತ್ತದೆ. ಅಂದರೆ, ನನ್ನ ರೊಟ್ಟಿಯನ್ನೇ ಸೂಪರ್ ಮಾರ್ಕೆಟ್ಟಿನ ಒಬ್ಬರು ಬಣ್ಣದ ಕವರಿಗೆ ಹಾಕಿ 15 ರೂಪಾಯಿಗೆ ಮಾರುತ್ತಾರೆ ನೋಡಿ, ಹಾಗೆ. ರೊಟ್ಟಿ ಅದೇ. ಬಡಿದವಳೂ ನಾನೇ.

ಆದರೂ ಮಾತು ನಂಬಿ ಸುಮ್ನೆ ಕೂರಲಿಲ್ಲ. ಮೂರು ತಿಂಗಳ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ ಇದೆಯಲ್ಲ, ಅದನ್ನು ಶುರುವಿನಲ್ಲಿ ಮಾಡಿಸಿದ್ದೆ. 8.1 ಇತ್ತು. ಮೂರು ತಿಂಗಳ ನಂತರ ಮತ್ತೆ ಮಾಡಿಸಿದಾಗ 7.6 ಬಂತು. ಇದು ಗುಳಿಗೆಯೊಂದರ ಪುಣ್ಯ ಅಲ್ಲ, ಅತ್ತೆಯವರು ಚಹಾಕ್ಕೆ ಸಕ್ಕರೆ ಬಿಟ್ಟಿದ್ದರು. ಆದರೆ ಸುಣ್ಣದ ಪುಡಿ ಅಲ್ಲ ಅನ್ನುವುದಂತೂ ಖಾತ್ರಿ ಆಯಿತು.

ಈಗ ದೂರು. ಒಂದು ಸಲ ಬಿಪಿ ಗುಳಿಗೆ ಇರಲಿಲ್ಲ. "ಅಕ್ಕಾ, ಎಲ್ಲಾ ಅದಾವ, ಟೆಲ್ಮಿಸಾರ್ಟಾನ್ ಒಂದು ಬಂದಿಲ್ರಿ. ಸೋಮವಾರ ನೋಡ್ರಿ" ಅಂದ. ಸೋಮವಾರ ಹೋದರೆ ಗುರುವಾರ ಅಂದ. ಗುರುವಾರ ಅಂಗಡಿಯೇ ಮುಚ್ಚಿತ್ತು. ಬಿಪಿ ಗುಳಿಗೆ ಸೋಮವಾರದ ದಾರಿ ಕಾಯುತ್ತದೆಯೇ? ಪಕ್ಕದ ಮೆಡಿಕಲ್ಲಿಗೆ ಹೋಗಿ ಕಂಪನಿ ಪಟ್ಟಿಯನ್ನು ಆರು ಪಟ್ಟು ರೊಕ್ಕ ಕೊಟ್ಟು ತಂದೆ. ಎರಡು ವರ್ಷದಲ್ಲಿ ಹೀಗೆ ನಾಲ್ಕು ಸಲ ಆಗಿದೆ. ಈಗ ನಾನು ಗುಳಿಗೆ ಹತ್ತು ದಿನಕ್ಕೆ ಉಳಿದಾಗಲೇ ಚೀಟಿ ಕೊಟ್ಟು ಬರುತ್ತೇನೆ. ಕೈಯಲ್ಲಿ ಹತ್ತು ದಿನದ ಔಷಧ ಇಟ್ಟುಕೊಳ್ಳುವಷ್ಟು ರೊಕ್ಕ ಇದ್ದವರಿಗೆ ಇದು ನಡೆಯುತ್ತದೆ. ಇಲ್ಲದವರೇ ಇಂಥ ಅಂಗಡಿಗೆ ಜಾಸ್ತಿ ಬರುವುದು, ಅದೇ ಕಷ್ಟ.

ಎರಡನೆಯದು ನಮ್ಮದೇ ತಪ್ಪು, ಆದರೂ ಹೇಳಬೇಕು. ಅತ್ತೆಯವರಿಗೆ ಓದಲು ಬರುವುದಿಲ್ಲ. ಗುಳಿಗೆಯನ್ನು ಬಣ್ಣ, ಆಕಾರ ನೋಡಿ ಗುರುತು ಹಿಡಿಯುತ್ತಾರೆ. ಜನೌಷಧಿ ಪಟ್ಟಿಗಳು ಎಲ್ಲವೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮೇಲಾಗಿ ಬೇರೆ ಬ್ಯಾಚ್ ಬಂದಾಗ ಗುಳಿಗೆಯ ಬಣ್ಣವೇ ಬೇರೆ ಆಗಿತ್ತು. ಹಳೆ ಪಟ್ಟಿಯ ಶುಗರ್ ಗುಳಿಗೆ ಒಂದು ನುಂಗಿ, ಇದು ಬೇರೇನೋ ಅಂತ ಹೊಸ ಪಟ್ಟಿಯದೂ ಒಂದು ನುಂಗಿದ್ದಾರೆ. ಹನ್ನೊಂದು ಗಂಟೆಗೆ ಕೈ ನಡುಗಲು ಶುರುವಾಯಿತು, ಮೈಯೆಲ್ಲ ಬೆವರು. ಹಿಟ್ಟಿನ ಕೈಯಲ್ಲೇ ಓಡಿ ಬೆಲ್ಲದ ನೀರು ಕುಡಿಸಿದೆ, ಆಮೇಲೆ ಆಟೋದಲ್ಲಿ ದವಾಖಾನೆಗೆ. ಸಂಜೆಯವರೆಗೆ ಕೂರಿಸಿಕೊಂಡು ಕಳಿಸಿದರು. ಆವತ್ತಿನಿಂದ ಪಟ್ಟಿ ಮನೆಗೆ ಬಂದ ಕೂಡಲೇ ಮಗಳು ಮಾರ್ಕರಿನಲ್ಲಿ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆಯುತ್ತಾಳೆ. ಓದು ಬರದ ಹಿರಿಯರಿದ್ದರೆ ನೀವೂ ಹಾಗೇ ಮಾಡಿ. ಅಂಗಡಿಯಲ್ಲೇ ಇದನ್ನು ಮಾಡಿಕೊಟ್ಟರೆ ಎಷ್ಟು ಚಲೋ ಇತ್ತು.

ಮೂರನೆಯದು ಚೀಟಿಯ ಜಗಳ. ಇದಕ್ಕೆ ಅಂಗಡಿ ಕಾರಣ ಅಲ್ಲ. ನಾವು ತೋರಿಸುತ್ತಿದ್ದ ಖಾಸಗಿ ಡಾಕ್ಟರು ಕಂಪನಿ ಹೆಸರನ್ನೇ ಬರೆಯುತ್ತಿದ್ದರು. ಕಾಯ್ದೆ ಪ್ರಕಾರ ಚೀಟಿಯಲ್ಲಿ ಬ್ರಾಂಡ್ ಹೆಸರಿದ್ದರೆ ಔಷಧಿ ಅಂಗಡಿಯವರು ತಾವಾಗಿ ಬೇರೆಯದು ಕೊಡುವಂತಿಲ್ಲ. ಔಷಧದ ಮೂಲ ಹೆಸರು ಬರೆದುಕೊಡಿ ಅಂತ ಕೇಳಿದೆ. "ಅದನ್ನು ತಗೊಳ್ಳುವುದಾದರೆ ನನ್ನ ಹತ್ತಿರ ಯಾಕೆ ಬರ್ತೀರಿ?" ಅಂದರು. ಮುಖ ಸಪ್ಪೆ ಮಾಡಿಕೊಂಡು ಬಂದೆ. ಡಾಕ್ಟರು ಮೂಲ ಹೆಸರನ್ನೇ ಬರೆಯಬೇಕು ಅಂತ 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ತಂದಿತ್ತು. ಡಾಕ್ಟರುಗಳು ಗದ್ದಲ ಎಬ್ಬಿಸಿದರು, ಅದೇ ತಿಂಗಳು ಆಯೋಗ ಅದನ್ನು ತಡೆಹಿಡಿಯಿತು. ಅವರ ಮಾತಿನಲ್ಲೂ ಅರ್ಥ ಇಲ್ಲ ಅಂತಲ್ಲ. ಎಲ್ಲ ಕಡೆ ಗುಣಮಟ್ಟ ಒಂದೇ ಇರುತ್ತದೆ ಅಂತ ಮೊದಲು ಖಾತ್ರಿ ಕೊಡಿ ಅನ್ನುತ್ತಾರೆ. ಸರಿ, ಕೊಡಲಿ. ಆದರೆ ಮೂಲ ಹೆಸರನ್ನು ಕೆಳಗೆ ಇನ್ನೊಂದು ಸಾಲಿನಲ್ಲಿ ಬರೆಯಲು ಎಷ್ಟು ಶಾಯಿ ಬೇಕು? ಕೊನೆಗೆ ನಾವು ಡಾಕ್ಟರನ್ನೇ ಬದಲಿಸಿದೆವು. ಈಗಿನವರು ದೊಡ್ಡ ಅಕ್ಷರದಲ್ಲಿ ಮೂಲ ಹೆಸರು ಬರೆಯುತ್ತಾರೆ.

ಕೆಲವರು ಕೇಳುತ್ತಾರೆ, ಸರ್ಕಾರದ ಆರೋಗ್ಯ ಕಾರ್ಡ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಒದ್ದಾಡ್ತೀ ಅಂತ. ಕಾರ್ಡಿನ ಬೆಲೆ ನಮ್ಮ ಮನೆಗೆ ಚೆನ್ನಾಗಿ ಗೊತ್ತು. ಬಡವರ ದೊಡ್ಡ ಆಪರೇಷನ್‌ಗೆ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಶುರುವಾದದ್ದೇ ನಮ್ಮ ಕಲಬುರಗಿ ವಿಭಾಗದಿಂದ. ಆಗ ಊರಿಗೆ ಗುಲಬರ್ಗಾ ಅಂತಲೇ ಹೆಸರು. ಮರುವರ್ಷ ಮಾವನವರ ಹೃದಯದ ಆಪರೇಷನ್ ಬೆಂಗಳೂರಿನಲ್ಲಿ ಅದರಲ್ಲೇ ಆಯಿತು. ನಾವು ಕಟ್ಟಿದ್ದು ಬರೀ ಊಟದ ರೊಕ್ಕ. ಈಗ ಹೃದಯಕ್ಕೆ ಅಷ್ಟು ದೂರ ಹೋಗುವುದೂ ಬೇಡ. ಜಯದೇವದ 371 ಹಾಸಿಗೆಯ ದವಾಖಾನೆ 2024ರ ಡಿಸೆಂಬರಿನಲ್ಲಿ ಇಲ್ಲೇ ತೆರೆದಿದೆ. ಹಾಸಿಗೆಯ ಲೆಕ್ಕ ಕೂಡ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ ಇಟ್ಟದ್ದು. ಬಿಪಿಎಲ್ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಈ ಕಾರ್ಡ್ ಕೆಲಸ ಮಾಡುವುದು ದವಾಖಾನೆಯಲ್ಲಿ ಮಲಗಿದಾಗ. ಮನೆಗೆ ಬಂದು ಕೆಲವು ದಿನವಾದ ಮೇಲೆ ದಿನವೂ ನುಂಗುವ ಗುಳಿಗೆಗೆ ಅದು ಬರುವುದಿಲ್ಲ. ಮಾವನವರು ಆಪರೇಷನ್ ಆದ ಮೇಲೆ ಎಂಟು ವರ್ಷ ಬದುಕಿದರು. ಲಕ್ಷದ ಆಪರೇಷನ್ ಪುಕ್ಕಟೆ ಆಯಿತು, ಎಂಟು ವರ್ಷದ ಗುಳಿಗೆ ನನ್ನ ಒಲೆಯಿಂದ ಹೋಯಿತು. ಆಗ ಈ ಅಂಗಡಿ ನನಗೆ ಗೊತ್ತಿರಲಿಲ್ಲ. ಜನೌಷಧಿ 2008ರಲ್ಲೇ ಶುರುವಾಗಿತ್ತಂತೆ. ಹೇಳುವವರು ಯಾರೂ ಇರಲಿಲ್ಲ.

ಸರ್ಕಾರಿ ದವಾಖಾನೆಯಲ್ಲಿ ಬಿಪಿ, ಶುಗರ್ ಗುಳಿಗೆ ಪುಕ್ಕಟೆ ಕೊಡುತ್ತಾರೆ, ಅದು ನಿಜ. ಅದೇ ಕಾರಣ ಹೇಳಿ ಸರ್ಕಾರಿ ದವಾಖಾನೆಗಳ ಆವರಣದಲ್ಲಿರುವ ಜನೌಷಧಿ ಅಂಗಡಿ ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶ ಮಾಡಿತು. ವಿಷಯ ಹೈಕೋರ್ಟಿಗೂ ಹೋಯಿತು. ನಾನು ಹೋಗುವ ಅಂಗಡಿ ಹೊರಗಡೆ ಇರುವುದರಿಂದ ನನಗೆ ಬಿಸಿ ತಟ್ಟಲಿಲ್ಲ. ಪುಕ್ಕಟೆ ಕೊಡುವುದೇ ಮೊದಲಾಗಲಿ, ಬೇಡ ಅನ್ನುವವರು ಯಾರು? ಆದರೆ ಪುಕ್ಕಟೆ ಕಿಟಕಿಯಲ್ಲಿ "ಸ್ಟಾಕ್ ಇಲ್ಲ" ಅಂದ ದಿನ ಪಕ್ಕದ ಕಿಟಕಿ ಸಸ್ತಾದ್ದು ಇರಬೇಕೋ, ರಸ್ತೆಯಾಚೆಯ ದುಬಾರಿ ಮೆಡಿಕಲ್ ಇರಬೇಕೋ? ಕೇಂದ್ರ, ರಾಜ್ಯ ಎರಡೂ ಕೂತು ಮಾತಾಡಿದರೆ ಮುಗಿಯುವ ಕೆಲಸ. ಕೂರುವುದೇ ಇಲ್ಲ.

ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ. ಇಲ್ಲಿ ಸುವಿಧಾ ಪ್ಯಾಡು ಒಂದಕ್ಕೆ 1 ರೂಪಾಯಿ. ನನ್ನ ಜೊತೆ ರೊಟ್ಟಿ ಬಡಿಯುವವರಲ್ಲಿ ಇಬ್ಬರು ಇದನ್ನೇ ಒಯ್ಯುತ್ತಾರೆ. ಅಂಗಡಿಯವನು ಅದನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕಪ್ಪು ಚೀಲ ಹಾಕಿ, ಬಾಂಬು ಕೊಟ್ಟ ಹಾಗೆ ಕೊಡುತ್ತಾನೆ. ಅದೊಂದು ಬಿಟ್ಟರೆ ಚಲೋ.

ಐದಕ್ಕೆ ಎಷ್ಟು ಅಂತ ಕೇಳಿದರೆ ಔಷಧಕ್ಕೆ ಐದು, ಹುಡುಗನ ನಡತೆಗೆ ಐದು, ಸ್ಟಾಕಿಗೆ ಎರಡು. ಹೊರಡುವ ಮೊದಲು ಜನೌಷಧಿ ಸುಗಮ್ ಆ್ಯಪಿನಲ್ಲಿ ನಿಮ್ಮ ಗುಳಿಗೆಯ ಮೂಲ ಹೆಸರು ಹಾಕಿ ರೇಟು ನೋಡಿಕೊಳ್ಳಿ. ಹತ್ತಿರದ ಅಂಗಡಿ ಎಲ್ಲಿದೆ ಅನ್ನುವುದೂ ಅದರಲ್ಲೇ ಸಿಗುತ್ತದೆ. ಪವರ್ ಎಷ್ಟು ಎಂಜಿ ಅಂತ ಚೀಟಿಗೆ ತಾಳೆ ನೋಡದೆ ದುಡ್ಡು ಕೊಡಬೇಡಿ.

ನಿನ್ನೆಯೂ ಹೋಗಿದ್ದೆ. ಕೊಲೆಸ್ಟ್ರಾಲ್ ಗುಳಿಗೆ ಇರಲಿಲ್ಲ. "ಸೋಮವಾರ ನೋಡ್ರಿ ಅಕ್ಕಾ" ಅಂದ. ಮನೆಯಲ್ಲಿ ಇನ್ನೂ ಒಂಬತ್ತು ಚಂದ್ರ ಉಳಿದಿವೆ.