ಬಿಸಿಯಾದ ಮೇಲೆ ನಡುಗುವ ಎಂಜಿನ್: ಬಾಟ್ಲಿ, ಕ್ಲೀನಿಂಗ್, ಕಾಯಿಲ್, ಸ್ಕ್ಯಾನರ್

ತಣ್ಣಗಿರುವಾಗ ಚೆನ್ನಾಗಿದ್ದು, ಬಿಸಿಯಾದ ಕೂಡಲೇ ಐಡ್ಲಿಂಗಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ನಡುಗುವ ಕಾರಿಗೆ ನಮ್ಮ ಕಾಸರಗೋಡು ಕಡೆ ಯಾರನ್ನು ಕೇಳಿದರೂ ನಾಲ್ಕು ಮದ್ದು ಹೇಳುತ್ತಾರೆ. ಟ್ಯಾಂಕಿಗೆ ಕ್ಲೀನರ್ ಬಾಟ್ಲಿ ಹಾಕಿ, ಎಂಜಿನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆಸಿ, ಕಿಡಿ ಕೊಡುವ ಪ್ಲಗ್ಗು-ಕಾಯಿಲ್ ಬದಲಾಯಿಸಿ, ಇಲ್ಲ ಅಂದ್ರೆ ಸ್ಕ್ಯಾನರ್ ಹಾಕಿ ನೋಡಿ. ನನ್ನ ಹಳೆಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಸೆಡಾನಿನಲ್ಲಿ ನಾಲ್ಕನ್ನೂ ನೋಡಿ ಆಯಿತು. ನಾಲ್ಕಕ್ಕೂ ಒಂದೇ ಬೆಲೆ ಇಲ್ಲ, ಒಂದೇ ಫಲವೂ ಇಲ್ಲ.

ಮೊದಲು ಕಾಯಿಲೆ ಏನು ಅಂತ ಹೇಳುತ್ತೇನೆ. ಬದಿಯಡ್ಕದಲ್ಲಿ ಸ್ಟಾರ್ಟ್ ಮಾಡಿದಾಗ ಗಾಡಿ ಸುಮ್ಮನಿರುತ್ತದೆ. ಕುಂಬಳೆ ಮುಟ್ಟಿ ಹೆದ್ದಾರಿಯ ಸರ್ವಿಸ್ ರೋಡಿನ ಬ್ಲಾಕಲ್ಲಿ ನಿಂತರೆ ಸ್ಟಿಯರಿಂಗು, ಸೀಟು, ಕನ್ನಡಿ ಎಲ್ಲ ನಡುಗುತ್ತವೆ. ಆರ್‌ಪಿಎಂ ಮುಳ್ಳು 800ರಿಂದ 600ಕ್ಕೆ ಬಿದ್ದು ಮತ್ತೆ ಏರುತ್ತದೆ. ಓಡುವಾಗ ಪಿಕಪ್ಪಿಗೆ ಏನೂ ಕಮ್ಮಿಯಿಲ್ಲ. ಚೆಕ್ ಎಂಜಿನ್ ಲೈಟೂ ಇಲ್ಲ.

ಬಾಟ್ಲಿ ಎಲ್ಲಕ್ಕಿಂತ ಅಗ್ಗ, ಕೆಲಸವೂ ಎಲ್ಲಕ್ಕಿಂತ ಕಮ್ಮಿ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ನಿಜವಾಗಿ ಕಟ್ಟಿದ್ದರೆ ಸ್ವಲ್ಪ ಉಪಯೋಗ ಆಗಬಹುದು. ಆದರೆ ಕಟ್ಟಿದ ಇಂಜೆಕ್ಟರ್ ಸಾಮಾನ್ಯವಾಗಿ ತಣ್ಣಗಿರುವಾಗಲೂ ತೊಂದರೆ ಕೊಡುತ್ತದೆ. ನನ್ನ ಗಾಡಿಯಲ್ಲಿ ಒಂದು ಟ್ಯಾಂಕ್ ಪೆಟ್ರೋಲ್ ಖಾಲಿಯಾಯಿತು, ನಡುಕ ಹಾಗೇ ಇತ್ತು.

ಥ್ರಾಟಲ್ ಬಾಡಿ ತೊಳೆಸಿದ್ದು ದಂಡವಲ್ಲ. ಪೈಪು ಬಿಚ್ಚಿದರೆ ಒಳಗಿನ ಚಿಟ್ಟೆಯ (ಗಾಳಿಗೆ ತೆರೆದು ಮುಚ್ಚುವ ತಟ್ಟೆ) ಅಂಚಿಗೆ ಕಪ್ಪು ಅಂಟು ಬಳಿದಿತ್ತು. ಬೆರಳಿಟ್ಟರೆ ಎಣ್ಣೆ ಮಸಿ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಉಸಿರಾಡುವುದು ಆ ಅಂಚಿನ ಸಣ್ಣ ಸಂದಿಯಲ್ಲಿ, ಅಲ್ವಾ? ತೊಳೆದ ಮೇಲೆ ಮುಳ್ಳು ಬೀಳುವುದು ಸ್ವಲ್ಪ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಇಲ್ಲಿ ಒಂದು ಮಾತು: ಆಕ್ಸಿಲರೇಟರ್ ಕೇಬಲ್ ಇಲ್ಲದ, ಮೋಟಾರಿನ ಥ್ರಾಟಲ್ ಇದ್ದರೆ ಚಿಟ್ಟೆಯನ್ನು ಬೆರಳಲ್ಲಿ ಒತ್ತಿ ತಿರುಗಿಸಲು ಬಿಡಬೇಡಿ. ತೊಳೆದ ಮೇಲೆ ಕೆಲವು ಗಾಡಿಗಳಲ್ಲಿ ಐಡ್ಲಿಂಗನ್ನು ಗಾಡಿಯ ಕಂಪ್ಯೂಟರಿಗೆ ಮತ್ತೆ ಕಲಿಸಬೇಕಾಗುತ್ತದೆ.

ಕಾಯಿಲ್ ವಿಷಯಕ್ಕೆ ಬಂದರೆ, ಊರಿನ ಗ್ಯಾರೇಜಿನವರು "ಮಾಷೆ, ಬಿಸಿಗೆ ಕಾಯಿಲ್ ಹೋಗ್ತದೆ, ನಾಲ್ಕೂ ಹಾಕುವ" ಅಂದರು. ಮಾತಿನಲ್ಲಿ ಅರ್ಧ ಸತ್ಯ ಇದೆ. ಕಾಯಿಲಿನ ಇನ್ಸುಲೇಶನ್ ಹೆಚ್ಚಾಗಿ ಬಿಸಿಯಲ್ಲೇ ಕೈಕೊಡುವುದು ಹೌದು. ಆದರೆ ಅಂಥ ಕಾಯಿಲ್ ಏರಿನಲ್ಲಿ, ಲೋಡ್ ಬಿದ್ದಾಗ ಇನ್ನೂ ಜಾಸ್ತಿ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ತಪ್ಪುವುದು) ತೋರಿಸುತ್ತದೆ. ನನ್ನ ಗಾಡಿ ಪಾಣತ್ತೂರಿನಿಂದ ಭಾಗಮಂಡಲದ ಏರನ್ನು ಒಂದು ಜರ್ಕ್ ಇಲ್ಲದೆ ಹತ್ತಿತ್ತು. ಹಾಗಾಗಿ ಹೊಸದು ಕೊಳ್ಳುವ ಬದಲು ಒಂದನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಒಂದಕ್ಕೆ ಹಾಕಿಸಿದೆ. ಆಮೇಲೆ ಎರಡು-ನಾಲ್ಕನ್ನೂ ಅದೇ ರೀತಿ. ಕಾಯಿಲ್ ಕೆಟ್ಟಿದ್ದರೆ ಮಿಸ್ಸಿಂಗ್ ಅದರ ಜತೆಗೇ ಜಾಗ ಬದಲಾಯಿಸಬೇಕು. ಬದಲಾಯಿಸಲಿಲ್ಲ. ಪ್ಲಗ್ಗು ಮಾತ್ರ ಹೊಸದು ಹಾಕಿಸಿದೆ, ಅದು ಹೇಗೂ ಅವಧಿ ಮುಗಿದದ್ದೇ.

ಕೊನೆಗೆ ಸ್ಕ್ಯಾನರ್. ಗಾಡಿಯ ಕಂಪ್ಯೂಟರನ್ನು ಓದುವ ಬ್ಲೂಟೂತ್ ಓಬಿಡಿ ಡಾಂಗಲ್ ಒಂದು ಸಾವಿರದೊಳಗೆ ಸಿಗುತ್ತದೆ, ಮೊಬೈಲಲ್ಲಿ ಆ್ಯಪ್ ಹಾಕಿದರೆ ಸಾಕು. ಜನ ಇದನ್ನು ಕೋಡ್ ಓದಲು ಮಾತ್ರ ಹಾಕುತ್ತಾರೆ, ಕೋಡ್ ಇಲ್ಲ ಅಂದ್ರೆ ತೆಗೆದಿಡುತ್ತಾರೆ. ನೋಡಬೇಕಾದ್ದು ಫ್ಯೂಯಲ್ ಟ್ರಿಮ್. ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಮ್ಮಿ ಬಿಡಬೇಕಾಗಿದೆ ಅಂತ ಇಸಿಯು (ಎಂಜಿನಿನ ಕಂಪ್ಯೂಟರ್) ಇಟ್ಟುಕೊಂಡ ಶೇಕಡಾ ಅದು. ನನ್ನದರಲ್ಲಿ ಐಡ್ಲಿಂಗಲ್ಲಿ ಶಾರ್ಟು (ಆ ಕ್ಷಣದ್ದು), ಲಾಂಗು (ಓಡಿಓಡಿ ಕಲಿತದ್ದು) ಎರಡೂ ಸೇರಿ +18ರ ಹತ್ತಿರ. 2500 ಆರ್‌ಪಿಎಂಗೆ ಏರಿಸಿ ಹಿಡಿದರೆ +5ಕ್ಕೆ ಇಳಿಯುತ್ತಿತ್ತು.

ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ ಅನ್ನುವುದಕ್ಕೆ ಇದೇ ಗುರುತು. ಐಡ್ಲಿಂಗಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಜೋರಾಗಿ ಎಳೆಯುತ್ತದೆ, ಒಟ್ಟು ಗಾಳಿಯೇ ಕಮ್ಮಿ, ಸಣ್ಣ ಬಿರುಕೂ ದೊಡ್ಡ ಪಾಲು ತಿನ್ನುತ್ತದೆ. ತಣ್ಣಗಿರುವಾಗ ಇಸಿಯು ಹೇಗೂ ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಐಡ್ಲಿಂಗನ್ನೂ ಏರಿಸಿಟ್ಟಿರುತ್ತದೆ, ಆದ್ದರಿಂದ ಗೊತ್ತಾಗುವುದಿಲ್ಲ. ಬಿಸಿಯಾದ ಮೇಲೆ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿ ಸರಿಮಾಡುತ್ತದೆ ನಿಜ, ಆದರೆ ಅದು ನೋಡುವುದು ನಾಲ್ಕೂ ಸಿಲಿಂಡರಿನ ಸರಾಸರಿ. ಬಿರುಕಿನ ಹತ್ತಿರದ ಸಿಲಿಂಡರ್ ಪೆಟ್ರೋಲ್ ಸಾಲದೆ ಬಡವಾಗಿಯೇ ಉಳಿಯುತ್ತದೆ.

ತಪ್ಪನ್ನು ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿನ ಮೇಲೆ ಹಾಕುವವರಿಗೂ ಉತ್ತರ ಇದರಲ್ಲೇ ಇದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಆದ್ದರಿಂದ ಹಳೆಯ ಗಾಡಿಯಲ್ಲಿ ಇ20 ಹಾಕಿದರೆ ಟ್ರಿಮ್ ಏರುತ್ತದೆ, ಆದರೆ ಐಡ್ಲಿಂಗಲ್ಲೂ 2500ರಲ್ಲೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ. ಕೇರಳ-ಕರ್ನಾಟಕ ಗಡಿಯ ತಲಪಾಡಿ ಆಚೆ ತುಂಬಿಸಿದರೂ ಈಚೆ ತುಂಬಿಸಿದರೂ ಕಥೆ ಅದೇ. ಇನ್ನೊಂದು: ನನ್ನ ಗಾಡಿಯಲ್ಲಿ ಒಳಹೋಗುವ ಗಾಳಿಯನ್ನು ನೇರ ಅಳೆಯುವ ಎಂಎಎಫ್ ಸೆನ್ಸರ್ ಇದೆ. ಬರೀ ಮ್ಯಾನಿಫೋಲ್ಡಿನ ಒತ್ತಡ ನೋಡುವ ಎಂಎಪಿ ಸೆನ್ಸರ್ ಇರುವ ಗಾಡಿಗಳಲ್ಲಿ ಕಳ್ಳಗಾಳಿ ಹೋದರೂ ಟ್ರಿಮ್ ಅಷ್ಟಾಗಿ ಬದಲಾಗದೆ ಐಡ್ಲಿಂಗ್ ಏರಿ ನಿಲ್ಲಬಹುದು.

ಸ್ಕ್ಯಾನರ್ ಕಾಯಿಲೆ ಹೇಳಿತು, ಜಾಗ ಹೇಳಲಿಲ್ಲ. ಕೆಲವರು ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹುಡುಕುತ್ತಾರೆ. ಬಿಸಿ ಸೈಲೆನ್ಸರ್ ಪೈಪಿನ ಪಕ್ಕ ಅದು ಬೆಂಕಿಯ ಆಟ, ನನಗೆ ಬೇಡ ಅನ್ನಿಸಿತು. ಬಟ್ಟೆ ಸುತ್ತಿದ ನೋಸ್ ಪ್ಲೈಯರ್ ಹಿಡಿದು, ಫ್ಯಾನಿನಿಂದ ಕೈ ದೂರ ಇಟ್ಟು, ಮ್ಯಾನಿಫೋಲ್ಡಿಗೆ ಹೋಗುವ ಒಂದೊಂದೇ ರಬ್ಬರ್ ಪೈಪನ್ನು ಅಮುಕಿದೆ. ಬ್ರೇಕ್ ಬೂಸ್ಟರಿನದ್ದು, ಏನೂ ಬದಲಿಲ್ಲ. ಪೆಟ್ರೋಲ್ ಆವಿಯ ಪರ್ಜ್ ವಾಲ್ವಿನದ್ದು, ಅದೂ ಇಲ್ಲ. ಇದು ಬಿಸಿಯಾದ ಮೇಲೇ ಕೆಲಸ ಮಾಡುವ ವಾಲ್ವ್, ತೆರೆದೇ ಸಿಕ್ಕಿಕೊಂಡರೆ ಇದೇ ಲಕ್ಷಣ ಕೊಡಬಹುದು, ಆದ್ದರಿಂದ ಬಿಡಬೇಡಿ. ಎಂಜಿನಿನ ಎಣ್ಣೆ ಆವಿಯನ್ನು ಒಳಗೆ ಎಳೆಯುವ ಪಿಸಿವಿ ಪೈಪನ್ನು ಮ್ಯಾನಿಫೋಲ್ಡಿನ ಬುಡದಲ್ಲಿ ಅಮುಕಿದ್ದೇ ತಡ, ನಡುಕ ನಿಂತಿತು. ಬಿಚ್ಚಿ ನೋಡಿದರೆ ಬಾಗಿದ ಮೂಲೆಯ ಅಡಿಭಾಗದಲ್ಲಿ ಉದ್ದಕ್ಕೆ ಸೀಳು. ತಣ್ಣಗಿದ್ದಾಗ ತುಟಿ ಮುಚ್ಚಿಕೊಂಡಿರುತ್ತದೆ, ಬಿಸಿಯಾಗಿ ರಬ್ಬರ್ ಮೆತ್ತಗಾದರೆ ತೆರೆಯುತ್ತದೆ. ಮೇಲಿನಿಂದ ನೋಡಿದರೆ ಹೊಸದರ ಹಾಗೇ ಇತ್ತು.

ಅಲ್ಲಿಗೆ ಟೇಪು ಸುತ್ತುವುದು, ರೇಡಿಯೇಟರ್ ನೀರಿನ ರಬ್ಬರ್ ಪೈಪಿನ ತುಂಡು ಹಾಕುವುದು ಎರಡೂ ಬೇಡ. ಎಣ್ಣೆ ಆವಿಗೆ ಆ ರಬ್ಬರ್ ಉಬ್ಬಿಹೋಗುತ್ತದೆ. ಮಂಗಳೂರಿನಿಂದ ತರಿಸಿದ ಅಸಲಿ ಪೈಪು ಒಂದು ಕಾಯಿಲಿಗಿಂತ ಅಗ್ಗಕ್ಕೆ ಸಿಕ್ಕಿತು. ಈಗ ಐಡ್ಲಿಂಗಲ್ಲೂ ಟ್ರಿಮ್ +5ರ ಆಸುಪಾಸು. ಪೈಪು ಅಮುಕಿದರೂ ಜಾಗ ಸಿಗದಿದ್ದರೆ ಮಾತ್ರ ಸ್ಮೋಕ್ ಟೆಸ್ಟಿಗೆ (ಒಳಗೆ ಹೊಗೆ ತುಂಬಿಸಿ ಸೋರುವ ಜಾಗ ನೋಡುವುದು) ದುಡ್ಡು ಕೊಡಿ, ಅದನ್ನೂ ಎಂಜಿನ್ ಬಿಸಿ ಇರುವಾಗಲೇ ಮಾಡಿಸಿ.

ಎಸಿ ಹಾಕಿದಾಗ ಸಣ್ಣ ನಡುಕ ಇನ್ನೂ ಇದೆ. ಮುಳ್ಳು ಅಲುಗುವುದಿಲ್ಲ, ಸೀಟು ಮಾತ್ರ ಅಲುಗುತ್ತದೆ. ಅದು ಎಂಜಿನ್ ಮೌಂಟಿಂಗಿನ ರಬ್ಬರ್. ಅಡಿಕೆ ಕೊಯ್ಲು ಮುಗಿದ ಮೇಲೆ ನೋಡುವ ಅಂತ ಬಿಟ್ಟಿದ್ದೇನೆ.